ಬಂಡಿಯ ಮೇಲ್ಹೊದಿಕೆಗೆ ಮನೆಯ ಆಸರೆ

ಮಾಘ ಮಾಸ ಸಮೀಪಿಸಿತೆಂದರೆ ನಮ್ಮ ಬೆಳಗಾವಿ, ಧಾರವಾಡ ಸೀಮೆಯ ಅನೇಕ ಮನೆಗಳಲ್ಲಿ ಉಳವಿಯ ಮಾತು ಮೊದಲಾಗುತ್ತದೆ. ಎತ್ತುಗಳ ಮೈ ತೊಳೆಯುವುದು, ಗಾಲಿಗೆ ಎಣ್ಣೆ ಹಾಕುವುದು, ರೊಟ್ಟಿ ಬಡಿದು ಒಣಗಿಸಿ ಗಂಟು ಕಟ್ಟುವುದು, ಚಕ್ಕಡಿಗೆ ಮೇಲ್ಹೊದಿಕೆ ಏರಿಸುವುದು, ಇವೆಲ್ಲ ಯಾತ್ರೆಗೆ ಮುಂಚಿನ ಯಾತ್ರೆಗಳು. ಹನ್ನೆರಡನೆಯ ಶತಮಾನದ ಕಲ್ಯಾಣದ ಕ್ರಾಂತಿಯ ತರುವಾಯ ಚೆನ್ನಬಸವಣ್ಣನವರು ಶರಣ ಸಮೂಹದೊಡನೆ ಬಂದು ಐಕ್ಯರಾದ ಆ ಕ್ಷೇತ್ರಕ್ಕೆ ಭರತ ಹುಣ್ಣಿಮೆಯ ಹೊತ್ತಿಗೆ ಸಾಲುಗಟ್ಟಿ ಸಾಗುವ ಕೊಲ್ಲಾರಿ ಬಂಡಿಗಳನ್ನು ನೋಡಿದ ಕಣ್ಣುಗಳು ಧನ್ಯ. ಆದರೆ ಆ ಬಂಡಿಯ ನೆತ್ತಿಯ ಮೇಲಿನ ಹೊದಿಕೆಯ ಬಗೆಗೆ ನಾವು ಯೋಚಿಸುವುದು ಅದು ಜೋತು ಬಿದ್ದು ನಮ್ಮ ತಲೆಗೆ ತಾಗಿದಾಗ ಮಾತ್ರ. ಈ ತಿಂಗಳು ಅದನ್ನೇ ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ಕುಲಗೋಡವು ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದ ಊರು. ಶ್ರೀಕೃಷ್ಣ ಪಾರಿಜಾತದ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನವರ ಹೆಸರಿನಿಂದ ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಅದು ಉಳಿದಿದೆ. ಆಟವಿರಲಿ, ಜಾತ್ರೆಯಿರಲಿ, ಮದುವೆಯ ದಿಬ್ಬಣವಿರಲಿ, ಒಂದು ಕಾಲಕ್ಕೆ ಈ ಸೀಮೆಯ ಕುಟುಂಬಗಳು ಹೊರಡುತ್ತಿದ್ದುದು ಚಕ್ಕಡಿ ಕಟ್ಟಿಕೊಂಡೇ. ಇಂದು ಕಬ್ಬಿನ ಬೆಳೆಯ ಈ ನಾಡಿನಲ್ಲಿ ಎತ್ತಿನ ಜೋಡಿಗಿಂತ ಟ್ರ್ಯಾಕ್ಟರಿನ ಸದ್ದು ಹೆಚ್ಚು. ಕಬ್ಬು ಹೇರಿದ ಟ್ರೇಲರಿಗೇ ನಾಲ್ಕು ಬಿದಿರು ನಿಲ್ಲಿಸಿ, ಮೇಲೆ ಪ್ಲಾಸ್ಟಿಕ್ಕಿನ ತಾಡಪತ್ರಿ ಬಿಗಿದು ಜಾತ್ರೆಗೆ ಹೊರಡುವುದು ರೂಢಿಯಾಗಿದೆ. ಹಿಂದಿನವರು ಬಗ್ಗಿಸಿದ ಬಿದಿರಿನ ಕಮಾನಿನ ಮೇಲೆ ಹೊದಿಕೆ ಹಾಸುತ್ತಿದ್ದರು. ಇಂದಿನವರು ನಾಲ್ಕು ಮೂಲೆಯ ಗೂಟಗಳ ಮೇಲೆ ಚಪ್ಪಟೆಯಾಗಿ ಎಳೆದು ಕಟ್ಟುತ್ತಾರೆ. ಜೋತು ಬೀಳುವುದರ ಮೂಲ ಇಲ್ಲಿಯೇ ಇದೆ.

ಬಟ್ಟೆಯಾಗಲಿ ಹಗ್ಗವಾಗಲಿ ಎರಡು ಆಸರೆಗಳ ನಡುವೆ ಎಷ್ಟೇ ಬಿಗಿದರೂ ತುಸುವಾದರೂ ಬಾಗಿಯೇ ಬಾಗುತ್ತದೆ. ಅದನ್ನು ನೇರವಾದ ಗೆರೆಯಂತೆ ನಿಲ್ಲಿಸಲು ಲೋಕದ ಯಾವ ಬಲವೂ ಸಾಲದು. ಈ ಮರ್ಮವನ್ನು ಅರಿಯದೆ ಹಗ್ಗವನ್ನು ಇನ್ನೂ ಎಳೆಯುತ್ತ ಹೋದರೆ ತಾಡಪತ್ರಿಯ ಅಂಚಿನ ಕಣ್ಣುಗಳು ಹರಿಯುತ್ತವೆಯೇ ಹೊರತು ಜೋಲು ಹೋಗುವುದಿಲ್ಲ. ಜೋಲನ್ನು ಕಡಿಮೆ ಮಾಡುವ ನಿಜವಾದ ದಾರಿ ಆಸರೆಗಳ ನಡುವಿನ ಅಂತರವನ್ನು ಕಡಿಮೆ ಮಾಡುವುದು. ಬಿಗಿತ ಅಷ್ಟೇ ಇದ್ದು ಅಂತರ ಅರ್ಧವಾದರೆ ಜೋಲು ಅರ್ಧವಲ್ಲ, ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 12 ಅಡಿ ಉದ್ದದ ಬಂಡಿಗೆ ಎರಡು ತುದಿಗೆ ಮತ್ತು ನಡುವೆ ಎಂದು ಮೂರು ಕಮಾನು ಹಾಕಿದರೆ ನಡುವಣ ಅಂತರ 6 ಅಡಿ. ಇನ್ನೆರಡು ಸೇರಿಸಿ ಐದು ಮಾಡಿದರೆ 3 ಅಡಿ. ಎರಡು ಬಿದಿರ ದಬ್ಬೆಗಳ ಖರ್ಚಿನಲ್ಲಿ 4 ಅಂಗುಲದ ಜೋಲು 1 ಅಂಗುಲಕ್ಕೆ ಬರುವುದಾದರೆ ಅದಕ್ಕಿಂತ ಅಗ್ಗದ ಉಪಾಯ ಯಾವುದಿದೆ?

ಜೋಲು ಚಿಕ್ಕದೆಂದು ಉದಾಸೀನ ಮಾಡುವವರು ನೀರಿನ ಲೆಕ್ಕವನ್ನು ಮರೆಯಬಾರದು. ಅಕಾಲದ ಮಳೆ ಬಂದಿತೆನ್ನಿ. ಬಾಗಿದ ಕಡೆಗೆ ನೀರು ಹರಿದು ನಿಲ್ಲುತ್ತದೆ. ನಿಂತ ನೀರಿನ ಭಾರಕ್ಕೆ ಬಟ್ಟೆ ಇನ್ನಷ್ಟು ಬಾಗುತ್ತದೆ. ಬಾಗಿದಷ್ಟೂ ನೀರು ಇನ್ನಷ್ಟು ನಿಲ್ಲುತ್ತದೆ. 3 ಅಡಿ ಉದ್ದ, 3 ಅಡಿ ಅಗಲದ ಕುಳಿಯಲ್ಲಿ ಸರಾಸರಿ 2 ಅಂಗುಲ ನೀರು ನಿಂತರೆ ಅದು ಸುಮಾರು 42 ಲೀಟರು, ಅಂದರೆ 42 ಕಿಲೋ ಭಾರ. ಇಂದಿನ ಒಂದು ಯೂರಿಯಾ ಚೀಲದ ತೂಕ 45 ಕಿಲೋ. ಮಲಗಿದ ಮಗುವಿನ ಮೇಲೆ, ಕುಳಿತ ಅಜ್ಜಿಯ ಮೇಲೆ ಹೆಚ್ಚುಕಡಿಮೆ ಒಂದು ಗೊಬ್ಬರದ ಚೀಲವನ್ನು ತೆಳುವಾದ ಹಾಳೆಯೊಂದರಲ್ಲಿ ತೂಗುಬಿಟ್ಟಂತಾಯಿತು. ಆದುದರಿಂದ ಇದು ಬರಿಯ ಅಂದಚಂದದ ಮಾತಲ್ಲ.

ಈ ತೊಡಕು ನಮ್ಮ ಚಕ್ಕಡಿಗೆ ಮಾತ್ರ ಮೀಸಲಾದುದೂ ಅಲ್ಲ. ನಮ್ಮ ಗುಡ್ಡಗಾಡಿನ ದಾರಿಗಳಲ್ಲಿ ಓಡಾಡಿದ ಮಹೀಂದ್ರಾ ಜೀಪುಗಳಿಗೆ ಕಬ್ಬಿಣದ ಕಮಾನಿನ ಮೇಲೆ ಕ್ಯಾನ್ವಾಸಿನ ಹೊದಿಕೆಯೇ ಇರುತ್ತಿತ್ತು. 1989ರಲ್ಲಿ ಜಪಾನಿನ ಮಾಜ್ದಾ ಕಂಪನಿ ಹೊರತಂದ ಎಂಎಕ್ಸ್-5 ಎಂಬ ಇಬ್ಬರು ಕೂಡುವ ಕ್ರೀಡಾ ಕಾರು ಲೋಕಪ್ರಸಿದ್ಧವಾದುದು. ಅದರ ನೆತ್ತಿಗೂ ಮಡಚುವ ಬಟ್ಟೆಯ ಹೊದಿಕೆಯೇ. ಲಕ್ಷಗಟ್ಟಲೆ ಬೆಲೆಯ ಅಂಥ ಕಾರುಗಳಲ್ಲಿಯೂ ಬಟ್ಟೆ ಹಳತಾದಂತೆ ಕಮಾನುಗಳ ನಡುವೆ ಕುಳಿ ಬೀಳುತ್ತದೆ, ಮಳೆನೀರು ನಿಲ್ಲುತ್ತದೆ. ಒಳಗಿನಿಂದ ಪಟ್ಟಿಯನ್ನೋ ಕೊಳವೆಯನ್ನೋ ಮೆತ್ತೆಯನ್ನೋ ಆಸರೆ ಕೊಟ್ಟು ಅದನ್ನು ಎತ್ತಿ ನಿಲ್ಲಿಸುವುದೇ ಅಲ್ಲಿಯೂ ಮನೆಮದ್ದು. ಸಿರಿವಂತನ ಕಾರಿಗೂ ರೈತನ ಚಕ್ಕಡಿಗೂ ಭೂಮಿಯ ಸೆಳೆತ ಭೇದ ಮಾಡುವುದಿಲ್ಲ.

ಇನ್ನು ಆಸರೆಯನ್ನು ಕಟ್ಟುವ ಬಗೆ. ಮೊದಲನೆಯದಾಗಿ ಕಮಾನು. ಹಸಿಯ ಬಿದಿರನ್ನು ಸೀಳಿ, ಹದವಾಗಿ ಬಿಸಿ ತಾಗಿಸಿ ಬಗ್ಗಿಸಿದರೆ ಅದು ಮುರಿಯದೆ ಬಾಗುತ್ತದೆ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟು ಒಣಗಿಸುವ ಹಿರಿಯರ ಪದ್ಧತಿಗೆ ಕಾರಣವಿದೆ. ಹುಳುಗಳಿಗೆ ಆಹಾರವಾದ ಪಿಷ್ಟ ನೀರಿನಲ್ಲಿ ಕರಗಿ ಹೋಗುವುದರಿಂದ ಕುಟ್ಟೆ ಹಿಡಿಯುವುದು ಕಡಿಮೆ. ಬಾಗಿದ ಕಮಾನು ತನ್ನ ಎರಡೂ ಕಾಲುಗಳನ್ನು ಹೊರಕ್ಕೆ ತಳ್ಳುತ್ತದೆ ಎಂಬುದನ್ನು ಮರೆಯದೆ ಬುಡವನ್ನು ಬಂಡಿಯ ಪಕ್ಕದ ಗೂಟಗಳಿಗೆ ಭದ್ರವಾಗಿ ಬಿಗಿಯಬೇಕು.

ಎರಡನೆಯದು ನೆತ್ತಿಯ ಗಳ. ಎಲ್ಲ ಕಮಾನುಗಳ ನೆತ್ತಿಯ ಮೇಲೆ ಒಂದೇ ಉದ್ದನೆಯ ಗಳವನ್ನು ಹಾಯಿಸಿ ಪ್ರತಿ ಕಮಾನಿಗೂ ಕಟ್ಟಬೇಕು. ಎರಡೂ ಹೆಗಲಿಗೆ ಒಂದೊಂದು ತೆಳುವಾದ ದಬ್ಬೆ ಕಟ್ಟಿದರೆ ಇನ್ನೂ ಒಳ್ಳೆಯದು. ಜೋತು ಬಿದ್ದ ಕಡೆಗೆ ಕೆಳಗಿನಿಂದ ಒಂದು ಕೋಲನ್ನು ಊರುವುದು ಬಹಳ ಜನರ ರೂಢಿ. ಅದು ಒಂದು ಗಳಿಗೆಯ ಉಪಾಯವೇ ಸರಿ. ಎಲ್ಲ ಭಾರವೂ ಕೋಲಿನ ಮೊನೆಯ ಮೇಲೆ ನಿಂತು ಬಟ್ಟೆ ತೂತಾಗುತ್ತದೆ. ಸುತ್ತಲೂ ಹೊಸ ಕುಳಿಗಳು ಹುಟ್ಟುತ್ತವೆ. ಅನಿವಾರ್ಯವಾದರೆ ಕೋಲಿನ ತುದಿಗೆ ತೆಂಗಿನ ಚಿಪ್ಪನ್ನು ಕವುಚಿ, ಅದಕ್ಕೆ ಹಳೆಯ ಬಟ್ಟೆ ಸುತ್ತಿ ಊರಬೇಕು.

ಮೂರನೆಯದು ಹಗ್ಗದ ಜಾಲ. ಹೊರಸಿಗೆ ನುಲಿ ಹೆಣೆಯುವಂತೆ ಕಮಾನಿನಿಂದ ಕಮಾನಿಗೆ ಓರೆಯಾಗಿ ಹಗ್ಗ ಹೆಣೆದರೆ ಅದರ ಮೇಲೆ ಹಾಸಿದ ತಾಡಪತ್ರಿಗೆ ಗೇಣು ಗೇಣಿಗೂ ಆಸರೆ ದೊರೆಯುತ್ತದೆ. ಹುಲ್ಲಿನ ಹಗ್ಗ ಹೊಸೆಯುವುದನ್ನೇ ಕಾಯಕ ಮಾಡಿಕೊಂಡ ನುಲಿಯ ಚಂದಯ್ಯನವರನ್ನು ನೆನೆಯುವ ನಮಗೆ ಹಗ್ಗದ ಹಿರಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಹತ್ತಿಯ ಮತ್ತು ನಾರಿನ ಹಗ್ಗಗಳು ನೆನೆದಾಗ ಗಿಡ್ಡವಾಗಿ ಬಿಗಿಯುತ್ತವೆ ಎಂಬುದು ಮಾತ್ರ ನೆನಪಿರಲಿ. ಮಳೆಯ ಸೂಚನೆ ಕಂಡಾಗ ಗಂಟುಗಳನ್ನು ತುಸು ಸಡಿಲಿಸಬೇಕು.

ನಾಲ್ಕನೆಯದಾಗಿ ಹೊದಿಕೆಯ ಗುಣವನ್ನು ಅರಿತು ನಡೆಯಬೇಕು. ಹತ್ತಿಯ ಕ್ಯಾನ್ವಾಸಿನ ಎಳೆಗಳು ನೆನೆದಾಗ ಉಬ್ಬಿ ಸಂದುಗಳನ್ನು ಮುಚ್ಚುವುದರಿಂದ ನೀರು ಒಳಗಿಳಿಯುವುದಿಲ್ಲ. ಆದರೆ ನೆನೆದ ಕ್ಯಾನ್ವಾಸನ್ನು ಒಳಗಿನಿಂದ ಬೆರಳಿನಿಂದ ಮುಟ್ಟಿದರೂ ಆ ಸ್ಥಳದಲ್ಲಿ ಹನಿ ತೊಟ್ಟಿಕ್ಕಲು ಮೊದಲಾಗುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು. ಪ್ಲಾಸ್ಟಿಕ್ಕಿನ ತಾಡಪತ್ರಿ ಹಗುರ, ಅಗ್ಗ. ಆದರೆ ಬಿಸಿಲು ಅದನ್ನು ತಿನ್ನುತ್ತದೆ. ಕಳೆದ ಬೇಸಿಗೆಯೆಲ್ಲ ಹೊಲದಲ್ಲಿ ಬಿದ್ದಿದ್ದುದನ್ನು ಜಾತ್ರೆಗೆ ನಂಬಬಾರದು. ಕಮಾನು ತಾಗುವ ಕಡೆಗೆಲ್ಲ ಗೋಣಿಚೀಲದ ತುಂಡು ಸುತ್ತಿದರೆ ತಿಕ್ಕಾಟಕ್ಕೆ ಹರಿಯುವುದು ತಪ್ಪುತ್ತದೆ.

ಐದನೆಯದು ಗಾಳಿ. ಕೆಳಗಿನ ಆಸರೆ ಹೊದಿಕೆ ಕುಸಿಯದಂತೆ ತಡೆಯಬಲ್ಲದು, ಹಾರಿಹೋಗದಂತೆ ತಡೆಯಲಾರದು. ವಾಹನ ವೇಗವಾಗಿ ಓಡುವಾಗ ಬಟ್ಟೆ ಮೇಲಕ್ಕೆ ಉಬ್ಬುತ್ತದೆ. ಆದುದರಿಂದ ಪ್ರತಿಯೊಂದು ಕಮಾನಿನ ನೇರಕ್ಕೂ ಹೊದಿಕೆಯ ಮೇಲಿನಿಂದ ಒಂದು ಹಗ್ಗ ಹಾಯಿಸಿ ಎರಡೂ ಪಕ್ಕಕ್ಕೆ ಕಟ್ಟಬೇಕು. ಹೊದಿಕೆಯ ಎತ್ತರವೂ ಹಿತಮಿತವಾಗಿರಲಿ. ಹೊಲದ ದಾರಿಯಲ್ಲಿ ಕೆಳಗೆ ಜೋತ ವಿದ್ಯುತ್ ತಂತಿಗಳು, ಕಾಡಿನ ದಾರಿಯಲ್ಲಿ ಮರದ ಕೊಂಬೆಗಳು ಕಾದಿರುತ್ತವೆ. ಕಮಾನಿಗೆ ಕಬ್ಬಿಣದ ಪೈಪು ಬಳಸುವವರಿಗಂತೂ ಈ ಎಚ್ಚರ ಇಮ್ಮಡಿಯಾಗಿರಬೇಕು. ಹೊದಿಕೆಯ ಕೆಳಗೆ ಒಲೆ, ಸ್ಟೋವು, ಕಂದೀಲುಗಳನ್ನು ಹಚ್ಚಲೇಬಾರದು. ಪ್ಲಾಸ್ಟಿಕ್ಕು ಉರಿಯುತ್ತ ಕರಗಿ ಮೈಮೇಲೆ ಬೀಳುತ್ತದೆ. ಬೆಳಕಿಗೆ ಬ್ಯಾಟರಿಯ ದೀಪವೇ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಹೇಳದೆ ಬಿಟ್ಟರೆ ನಮ್ಮ ಬರಹ ಅಪೂರ್ಣವಾದೀತು. ನೆರಳು ಚೆನ್ನಾಗಿದ್ದಷ್ಟೂ ಅದರಡಿ ಕೂಡುವವರು ಹೆಚ್ಚುತ್ತಾರೆ. ಹತ್ತು ಜನರ ಸ್ಥಳದಲ್ಲಿ ಇಪ್ಪತ್ತು ಜನ, ಅದರಲ್ಲಿ ಹೆಂಗಸರು, ಮಕ್ಕಳು, ವೃದ್ಧರು. ಚಕ್ಕಡಿ ಎತ್ತಿನ ನಡಿಗೆಯಲ್ಲಿ ಸಾಗುವಂಥದು. ಟ್ರ್ಯಾಕ್ಟರಿನ ಟ್ರೇಲರು ಹಾಗಲ್ಲ. ಅದು ಸರಕಿಗಾಗಿ ಮಾಡಿದ ವಾಹನ. ಅದರಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಅವಘಡವಾದಾಗ ವಿಮೆಯ ಪರಿಹಾರಕ್ಕೂ ಅದೇ ತೊಡಕಾಗುತ್ತದೆ. ತಿರುವಿನಲ್ಲಿ ಟ್ರೇಲರು ಮಗುಚಿದರೆ ಬಿದಿರಿನ ಕಮಾನು ಯಾರನ್ನೂ ಕಾಯಲಾರದು. ಅದು ಬಿಸಿಲು, ಇಬ್ಬನಿ, ಮಳೆಗಳಿಗೆ ಆಸರೆಯೇ ಹೊರತು ಪ್ರಾಣಕ್ಕೆ ಆಸರೆಯಲ್ಲ. ಮೇಲ್ಹೊದಿಕೆ ಗಟ್ಟಿಯಾಯಿತೆಂದು ಮನಸ್ಸು ಸಡಿಲಾಗಬಾರದು.

ಹಾಗಾದರೆ ಮಾಡಬೇಕಾದುದೇನು? ಕುಲಗೋಡದಂಥ ಊರಿನಿಂದ ಉಳವಿಯು ಚಕ್ಕಡಿಗೆ ಹಲವು ದಿನಗಳ ದಾರಿ. ಎತ್ತುಗಳನ್ನು ಸಾಕಿರುವ, ಕಾಲಾವಕಾಶವುಳ್ಳ ಮನೆಯವರು ಹಿರಿಯರ ಸಂಪ್ರದಾಯದಂತೆ ಕೊಲ್ಲಾರಿ ಬಂಡಿಯಲ್ಲಿಯೇ ಹೋಗಲಿ. ಅದರ ಸೊಗಸು ಬೇರೆ. ಅದಿಲ್ಲದವರು ಹಾಸಿಗೆ, ಪಾತ್ರೆ, ಧಾನ್ಯಗಳನ್ನು ಟ್ರೇಲರಿನಲ್ಲಿ ಹೇರಿ, ತಾವು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಸಾಗಲಿ. ಅಲ್ಲಿ ತಲುಪಿ ಬಿಡಾರ ಹೂಡಿದ ಮೇಲೆ ನಿಂತ ಟ್ರೇಲರಿನ ಮೇಲೆ ಇದೇ ಕಮಾನು, ಇದೇ ನೆತ್ತಿಯ ಗಳ, ಇದೇ ನುಲಿಯ ಜಾಲ ಏರಿಸಿದರೆ ಮಾಘದ ರಾತ್ರಿಯ ಇಬ್ಬನಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಡ. ಚಲಿಸುವ ಟ್ರೇಲರಿನಲ್ಲಿ ಅಪಾಯಕ್ಕೆ ಮುಸುಕಾಗುವ ಹೊದಿಕೆಯೇ ನಿಂತ ಟ್ರೇಲರಿನಲ್ಲಿ ಬೀಡಾಗುತ್ತದೆ.

ಕಮಾನು ಬಗ್ಗಿಸುವ, ನುಲಿ ಹೆಣೆಯುವ ಕೈಗಳು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಅಲ್ಲಲ್ಲಿ ಉಳಿದಿವೆ. ಅವು ಬಹುಪಾಲು ಮುಪ್ಪಿನ ಕೈಗಳು. ಈ ಸಲ ಯಾತ್ರೆಗೆ ಸಿದ್ಧರಾಗುವಾಗ ಮನೆಯ ಹುಡುಗರನ್ನು ಅವರ ಪಕ್ಕದಲ್ಲಿ ಕುಳ್ಳಿರಿಸಿ ಒಂದು ಕಮಾನನ್ನಾದರೂ ಅವರ ಕೈಯಿಂದಲೇ ಮಾಡಿಸಿರಿ. ಪೇಟೆಯಲ್ಲಿ ತಾಡಪತ್ರಿ ಎಂದಿಗೂ ದೊರೆಯುತ್ತದೆ. ಅದನ್ನು ಎತ್ತಿ ಹಿಡಿಯುವ ವಿದ್ಯೆ ಅಂಗಡಿಯಲ್ಲಿ ದೊರೆಯುವುದಿಲ್ಲ. ಬಂಧುಗಳೆಲ್ಲರಿಗೂ ಸುಖಪ್ರಯಾಣವನ್ನು ಕೋರುತ್ತೇವೆ. ಶರಣು ಶರಣಾರ್ಥಿ.