ಅಪ್ಪ ಗಲ್ಫ್‌ನಲ್ಲಿದ್ದಾನೆ ಎಂಬ ಅನರ್ಹತೆ

‘ಗಲ್ಫ್‌ನಲ್ಲಿರೋರ ಮಕ್ಕಳಿಗೂ ಸರ್ಕಾರ ಸ್ಕಾಲರ್‌ಶಿಪ್ ಕೊಡಬೇಕಂತೆ! ಹಾಗಾದ್ರೆ ಎಂಎಲ್‌ಎ ಮಕ್ಕಳಿಗೂ ಕೊಡಲಿ ಬಿಡಿ.’ ಮಸ್ಕತ್‌ನಲ್ಲಿ ಕನ್ನಡಿಗರು ಸೇರಿದ್ದ ಒಂದು ಊಟದ ಪಂಕ್ತಿಯಲ್ಲಿ ಈ ಮಾತು ಕಿವಿಗೆ ಬಿತ್ತು. ಹೇಳಿದವರು ಊರಿನಿಂದ ಬಂದ ಅತಿಥಿಯಾಗಿದ್ದರೆ ಸುಮ್ಮನಿರಬಹುದಿತ್ತು. ಅವರು ಇಲ್ಲೇ ದೊಡ್ಡ ಹುದ್ದೆಯಲ್ಲಿ ಇರುವವರು; ಅವರ ಮನೆಯಿಂದ ಕಾರ್ಮಿಕರು ನೆಲೆಸಿರುವ ಹಮ್ರಿಯಾಕ್ಕೆ ಕಾರಿನಲ್ಲಿ ಅರ್ಧ ಗಂಟೆಯೂ ಬೇಡ. ಆ ದಾರಿ ಹಿಡಿದವರಂತೆ ಮಾತ್ರ ಕಾಣಲಿಲ್ಲ.

ಮಸ್ಕತ್‌ನ ರೂವಿ ಬಡಾವಣೆಗೆ ಅಂಟಿಕೊಂಡಿರುವ ಹಮ್ರಿಯಾದಲ್ಲಿ ಗಲ್ಫ್‌ನ ಇನ್ನೊಂದು ಮುಖ ಇದೆ. ಒಂದೇ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ, ಸರದಿಯಲ್ಲಿ ಅಡುಗೆ, ಸಂಬಳದ ವಾರ ಮನಿ ಎಕ್ಸ್‌ಚೇಂಜ್ ಮುಂದೆ ಸಾಲು. ಬಂಟ್ವಾಳ, ಪುತ್ತೂರು, ಉಡುಪಿ, ಭಟ್ಕಳದ ಕಡೆಯ ಎ.ಸಿ. ಮೆಕ್ಯಾನಿಕ್‌ಗಳು, ಡ್ರೈವರ್‌ಗಳು, ಗಾರೆಯವರು, ಅಂಗಡಿ ಸಹಾಯಕರು. ಇವರ ಮಕ್ಕಳು ಮಸ್ಕತ್‌ನ ಇಂಡಿಯನ್ ಸ್ಕೂಲ್‌ಗಳಲ್ಲಿಲ್ಲ. ತಾಯಿಯ ಜತೆ ಊರಲ್ಲಿದ್ದುಕೊಂಡು ಪದವಿ ಕಾಲೇಜಿಗೆ ಹೋಗುತ್ತಿದ್ದಾರೆ. ಸಂಬಳ ಇಷ್ಟಿದ್ದರೆ ಮಾತ್ರ ಕುಟುಂಬ ವೀಸಾ ಎಂಬ ಮಿತಿ ಒಮಾನಿನಲ್ಲಿ ಒಂದು ಕಾಲಕ್ಕೆ 600 ರಿಯಾಲ್ ಇತ್ತು. 2017ರಲ್ಲಿ ಅದು 300ಕ್ಕೆ ಇಳಿಯಿತು. ಇಳಿದರೂ ನೂರಿಪ್ಪತ್ತು ರಿಯಾಲಿನವನಿಗೆ ಅದರಿಂದ ಆದದ್ದೇನೂ ಇಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜು ಮಕ್ಕಳಿಗೆ ಸರ್ಕಾರ ಕೊಡುವ ನೆರವು ಅಪ್ಪ ಯಾವ ದೇಶದಲ್ಲಿ ನಿಂತಿದ್ದಾನೆ ಎಂಬುದನ್ನು ನೋಡಬಾರದು. ಅವನ ಕೆಲಸ ಯಾವುದು, ಅದರಿಂದ ಮನೆ ಮುಟ್ಟುವ ದುಡ್ಡೆಷ್ಟು ಎಂಬುದನ್ನು ನೋಡಬೇಕು.

ಒಂದು ಲೆಕ್ಕ ಹಾಕೋಣ. ರಿಯಾಲಿಗೆ 220 ರೂಪಾಯಿ ಎಂದಿಟ್ಟುಕೊಂಡರೆ 120 ರಿಯಾಲ್ ಸಂಬಳ ವರ್ಷಕ್ಕೆ 3,16,800 ರೂಪಾಯಿ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರ ಇಟ್ಟಿರುವ ಎರಡೂವರೆ ಲಕ್ಷದ ಗೆರೆಯನ್ನು ಅದು ಆರಾಮವಾಗಿ ದಾಟುತ್ತದೆ. ಆದರೆ ಬಾಡಿಗೆ, ಊಟ, ಫೋನು ಕಳೆದು ಅವನು ಊರಿಗೆ ಕಳಿಸುವುದು 75 ರಿಯಾಲ್ ಎಂದರೆ ವರ್ಷಕ್ಕೆ 1,98,000. ದುಡಿದದ್ದನ್ನು ಎಣಿಸಿದರೆ ಗೆರೆಯ ಆಚೆ, ಮನೆಗೆ ಬಂದದ್ದನ್ನು ಎಣಿಸಿದರೆ ಈಚೆ. ಅದರಲ್ಲೂ ವೀಸಾಕ್ಕಾಗಿ ಮಾಡಿದ ಸಾಲದ ಕಂತು ಇನ್ನೂ ಕಳೆದಿಲ್ಲ.

ಕರ್ನಾಟಕದಲ್ಲಿ ನೆರವಿಗೇನೂ ಬರವಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವರ್ಷಕ್ಕೆ ಹತ್ತು ತಿಂಗಳು ನೆರವು ಕೊಡುವ ವಿದ್ಯಾಸಿರಿ ಇದೆ. ವೃತ್ತಿಶಿಕ್ಷಣಕ್ಕೆ ಅರಿವು ಸಾಲ ಇದೆ. 2021ರಲ್ಲಿ ರೈತರ ಮಕ್ಕಳಿಗೆಂದು ವಿದ್ಯಾನಿಧಿ ಬಂತು: ಕೋರ್ಸಿಗೆ ತಕ್ಕಂತೆ 2,500ರಿಂದ 11,000 ರೂಪಾಯಿವರೆಗೆ, ಹುಡುಗಿಯರಿಗೆ ಸ್ವಲ್ಪ ಹೆಚ್ಚು. ಮರುವರ್ಷ ಅದು ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು, ಆಟೊ ಮತ್ತು ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿಸ್ತರಿಸಿತು. ಒಳ್ಳೆಯದೇ ಆಯಿತು. ಮಂಗಳೂರಿನ ಆಟೊ ಚಾಲಕನ ಮಗಳಿಗೆ ನೆರವು ಬೇಕು ಎಂದು ಸರ್ಕಾರ ಒಪ್ಪಿತು. ಅದೇ ಮನುಷ್ಯ ಆಟೊ ಮಾರಿ ರೂವಿಯಲ್ಲಿ ಡೆಲಿವರಿ ವ್ಯಾನ್ ಓಡಿಸಲು ಬಂದರೆ ಮಗಳು ಆ ಪಟ್ಟಿಯಿಂದ ಹೊರಗೆ. ಗಾರೆಯವನ ಕಥೆಯೂ ಇದೇ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇದ್ದರೆ ಮಕ್ಕಳ ಓದಿಗೆ ಸಹಾಯಧನವಿದೆ. ಆದರೆ ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ರಾಜ್ಯದಲ್ಲಿ ಕೆಲಸ ಮಾಡಿರಬೇಕು. ಕರಣೆ ಅದೇ, ಕೈ ಅದೇ. ಸಿಮೆಂಟು ಮಾತ್ರ ಒಮಾನಿನದು.

ಇಲ್ಲಿ ಗೌರವದಿಂದ ಕೇಳಬೇಕಾದ ಆಕ್ಷೇಪವೊಂದಿದೆ. ಗಲ್ಫ್ ಸಂಬಳಕ್ಕೆ ಊರಿನಲ್ಲಿ ತೆರಿಗೆಯಿಲ್ಲ, ಹಾಗಾಗಿ ದಾಖಲೆಯೂ ಇಲ್ಲ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದರೆ ಗ್ರಾಮ ಆಡಳಿತಾಧಿಕಾರಿ ಮನೆ ನೋಡಿ, ಅಕ್ಕಪಕ್ಕ ಕೇಳಿ ಒಂದು ಅಂದಾಜು ಬರೆಯುತ್ತಾರೆ. ಮಾರ್ಬಲ್ ಹಾಸಿದ ಮನೆಯವರೂ ಸಣ್ಣ ಅಂಕಿ ಬರೆಸಿಕೊಳ್ಳುವುದನ್ನು ಕರಾವಳಿಯಲ್ಲಿ ಯಾರು ಕಂಡಿಲ್ಲ? ಬಾಗಿಲು ತೆರೆದರೆ ಮೊದಲು ನುಗ್ಗುವವರು ಅವರೇ ಎನ್ನುವ ಭಯ ಸುಳ್ಳಲ್ಲ. ಹೊಲದಲ್ಲಿ ದುಡಿಯುವವನ ತೆರಿಗೆ ಹಣ ಮಸ್ಕತ್ ಮ್ಯಾನೇಜರನ ಮಗನಿಗೆ ಹೋದರೆ ಅದು ಅನ್ಯಾಯವೇ.

ಹಾಗೆಂದು ಗುರುತು ಹಿಡಿಯಲು ಸಾಧ್ಯವೇ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಗುರುತು ಪಾಸ್‌ಪೋರ್ಟಿನಲ್ಲೇ ಇದೆ. ಹತ್ತನೇ ತರಗತಿ ಪಾಸಾಗದವನ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದ ವರ್ಗದ್ದು. ಅಂಥವನು ಒಮಾನಿಗೆ ಕೆಲಸಕ್ಕೆ ಬರಬೇಕಾದರೆ ಕೇಂದ್ರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಅವನ ಕರಾರು, ಕೆಲಸ, ಸಂಬಳ ದಾಖಲಾಗಬೇಕು. ಇತ್ತ ಒಮಾನಿನಲ್ಲೂ ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕೆಂಬ ವೇತನ ಸಂರಕ್ಷಣಾ ನಿಯಮವಿದೆ. ಎರಡು ಸರ್ಕಾರಗಳು ಬರೆದಿಟ್ಟುಕೊಂಡ ಅಂಕಿಯನ್ನು ಮೂರನೆಯದು ಕೇಳಿ ಪಡೆಯಲಾರದೆ? ಕೇರಳ ಹೊಸದೇನನ್ನೂ ಕಂಡುಹಿಡಿಯಲಿಲ್ಲ, ಇದೇ ಗುರುತನ್ನು ಬಳಸಿಕೊಂಡಿತು. ಅಲ್ಲಿ 1996ರಲ್ಲೇ ಅನಿವಾಸಿಗಳಿಗೊಂದು ಇಲಾಖೆ ಹುಟ್ಟಿತು. ಅದರಡಿಯ ನೋರ್ಕಾ ರೂಟ್ಸ್ ಸಂಸ್ಥೆಯ ಸ್ಕಾಲರ್‌ಶಿಪ್ ಇಸಿಆರ್ ವರ್ಗದವರ ಮಕ್ಕಳಿಗೆ ಮತ್ತು ಕಡಿಮೆ ಆದಾಯದ, ಮರಳಿ ಬಂದವರ ಮಕ್ಕಳಿಗೆ ಸಿಗುತ್ತದೆ. ಹಮ್ರಿಯಾದ ಒಂದೇ ಕೋಣೆಯಲ್ಲಿ ಕಾಸರಗೋಡಿನವನೂ ಪಕ್ಕದ ಮಂಚದಲ್ಲಿ ಬಂಟ್ವಾಳದವನೂ ಇದ್ದರೆ, ತನ್ನ ರಾಜ್ಯದಲ್ಲಿ ಇಂಥ ಅರ್ಜಿ ಹಾಕುವ ಜಾಗ ಇರುವುದು ಮೊದಲನೆಯವನಿಗೆ ಮಾತ್ರ.

ಕೇಂದ್ರ ಸರ್ಕಾರದ ಕಡೆ ನೋಡಿದರೆ ಇನ್ನೂ ವಿಚಿತ್ರ. ವಿದೇಶಾಂಗ ಸಚಿವಾಲಯ 2006-07ರಿಂದ ನಡೆಸುವ ಅನಿವಾಸಿ ಮಕ್ಕಳ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 4,000 ಡಾಲರ್‌ವರೆಗೆ ಸಿಗುತ್ತದೆ. ಒಟ್ಟು 150 ವಿದ್ಯಾರ್ಥಿವೇತನಗಳಲ್ಲಿ ಇಸಿಆರ್ ದೇಶಗಳ ಕಾರ್ಮಿಕರ ಮಕ್ಕಳಿಗೆ 50, ಅದರಲ್ಲೂ ಭಾರತದಲ್ಲೇ ಓದುತ್ತಿರುವವರಿಗೆ ಮೂರನೇ ಒಂದು ಭಾಗ. ಗಲ್ಫ್‌ನಲ್ಲಿ ಭಾರತೀಯರು ಎಂಬತ್ತು ಲಕ್ಷಕ್ಕೂ ಹೆಚ್ಚು!

ಎನ್‌ಐಟಿಗಳ ಪ್ರವೇಶದಲ್ಲಿ ‘ಗಲ್ಫ್‌ನ ಭಾರತೀಯ ಕಾರ್ಮಿಕರ ಮಕ್ಕಳು’ ಎಂದೇ ಒಂದು ವಿಭಾಗವಿದೆ. ಸುರತ್ಕಲ್ಲಿನಲ್ಲಿ ಉಳಿದ ಅನಿವಾಸಿ ಸೀಟಿನವರು ಸೆಮಿಸ್ಟರಿಗೆ 4,000 ಡಾಲರ್ ಬೋಧನಾ ಶುಲ್ಕ ಕಟ್ಟಿದರೆ, ಈ ವಿಭಾಗದವರು ಊರಿನವರಂತೆ 62,500 ರೂಪಾಯಿ ಕಟ್ಟುತ್ತಾರೆ. ಇಷ್ಟು ದೊಡ್ಡ ರಿಯಾಯಿತಿಗೆ ಅಪ್ಪನ ಸಂಬಳ ಎಷ್ಟೆಂದು ಕೇಳುವವರಿಲ್ಲ. ಗಲ್ಫ್‌ನಲ್ಲಿ ಕೆಲಸ ಎಂದರೆ ಸಾಕು, ಜನರಲ್ ಮ್ಯಾನೇಜರನೂ ಕಾರ್ಮಿಕನೇ. ಜೆಇಇ ಕೋಚಿಂಗ್ ಕೊಡಿಸಿ ಅಂಥ ಸೀಟು ಗಿಟ್ಟಿಸಬಲ್ಲ ಮನೆ ಯಾವುದು, ಹಮ್ರಿಯಾದ ಮಂಚವೋ ಸಿರಿವಂತರಿರುವ ಖುರಂನ ವಿಲ್ಲಾವೋ? ಅದೇ ಕ್ಯಾಂಪಸ್ಸಿನಲ್ಲಿ ಸಾಮಾನ್ಯ ದಾರಿಯಲ್ಲಿ ಬಂದವರಿಗೆ ಮನೆಯ ಆದಾಯ ಲಕ್ಷಕ್ಕಿಂತ ಕಡಿಮೆಯಿದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ, ಐದು ಲಕ್ಷದವರೆಗೆ ಮೂರನೇ ಎರಡು ಭಾಗ ಮಾಫಿ. ಅಲ್ಲಿ ಆದಾಯ ನೋಡಲು ಬರುತ್ತದೆ, ಇಲ್ಲಿ ಬರುವುದಿಲ್ಲ. ಪಂಕ್ತಿಯಲ್ಲಿ ನಗೆ ಹಂಚಿದ ಮಹನೀಯರ ಮನೆಯಲ್ಲಿ ಎನ್‌ಐಟಿಯ ಆಸೆ ಹೊತ್ತ ಮಗುವಿದ್ದರೆ ಈ ರಿಯಾಯಿತಿ ಅವರಿಗೂ ಗೊತ್ತಿರಲೇಬೇಕು. ಅದನ್ನು ಅವರು ಬಿಟ್ಟಿ ಎನ್ನುವುದಿಲ್ಲ, ಹಕ್ಕು ಎನ್ನುತ್ತಾರೆ.

ಬಿಟ್ಟಿ ಕೊಟ್ಟರೆ ಮಕ್ಕಳು ಸೋಮಾರಿಗಳಾಗುತ್ತಾರೆ ಎನ್ನುವವರು ಒಮ್ಮೆ ಬೆಳಗ್ಗೆ ಆರರ ಬಸ್ಸಿನಲ್ಲಿ ಪುತ್ತೂರಿಗೆ ಹೋಗುವ ಕಾಲೇಜು ಹುಡುಗಿಯರನ್ನು ನೋಡಿ ಬರಲಿ.

ಬೇಕಾದವರು ಸಾಲ ಮಾಡಲಿ ಎನ್ನುವ ವಾದದಲ್ಲಿ ಮಾತ್ರ ಹುರುಳಿದೆ. ನಾಲ್ಕು ಲಕ್ಷದವರೆಗೆ ಅಡಮಾನವಿಲ್ಲದ ಶಿಕ್ಷಣ ಸಾಲ ಸಿಗುತ್ತದೆ. ಓದಿ ದುಡಿದು ತೀರಿಸಿದರೆ ಅದೇ ಹಣ ಮುಂದಿನವರಿಗೆ. ಎಂಜಿನಿಯರಿಂಗ್ ಓದುವವನಿಗೆ ಇದು ಸರಿಯೂ ಹೌದು. ಆದರೆ ಬಿ.ಎ., ಬಿ.ಕಾಂ. ಓದುವವಳಿಗೆ ಬೇಕಾದದ್ದು ವರ್ಷಕ್ಕೆ ಹದಿನೈದು ಇಪ್ಪತ್ತು ಸಾವಿರ, ಕೈ ಹಿಡಿಯುವ ಕೆಲಸ ಯಾವಾಗ ಸಿಗುತ್ತದೆಂದು ಗೊತ್ತಿಲ್ಲ. ಬ್ಯಾಂಕು ಕೇಳುವ ಸಹಸಾಲಗಾರ ಅಪ್ಪನೇ. ಅವನ ವೀಸಾ ಎರಡು ವರ್ಷದ್ದು, ಸಾಲ ಹತ್ತು ವರ್ಷದ್ದು.

ಅರ್ಹತೆ ಇದ್ದವರ ದಾರಿಯೂ ಸುಗಮವಲ್ಲ. ಇಲ್ಲಿನ ಒಬ್ಬ ಎ.ಸಿ. ಮೆಕ್ಯಾನಿಕ್ ಹೇಳಿದ್ದು: ಮಗಳ ಆಧಾರ್‌ಗೆ ಜೋಡಿಸಿದ್ದು ಅವನ ಊರಿನ ಸಿಮ್. ಅರ್ಜಿ ತುಂಬುವಾಗ ಓಟಿಪಿ ಬರುವುದು ಅವನಿಗೆ. ಅವನು ಆಗ ಯಾವುದೋ ಕಟ್ಟಡದ ತಾರಸಿಯಲ್ಲಿ ಕಂಪ್ರೆಸರ್ ಬಿಚ್ಚಿಕೊಂಡು ಕೂತಿರುತ್ತಾನೆ, ಕೈಯೆಲ್ಲ ಎಣ್ಣೆ. ಫೋನು ತೆಗೆಯುವಷ್ಟರಲ್ಲಿ ಓಟಿಪಿಯ ಗಡುವು ಮುಗಿದಿರುತ್ತದೆ. ‘ಸೈಬರ್ ಸೆಂಟರಿನವ ಸಾಯಂಕಾಲ ಬಾ ಅಂದ್ನಂತೆ ಅಣ್ಣ. ಸಾಯಂಕಾಲಕ್ಕೆ ಬಸ್ ಇಲ್ಲ.’

ಒಮಾನಿನ ಸರ್ಕಾರ ನಮ್ಮ ಮಕ್ಕಳನ್ನು ಓದಿಸಬೇಕೆಂದು ಯಾರೂ ಕೇಳುತ್ತಿಲ್ಲ. 1986ರಲ್ಲಿ ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯ ತೆರೆದ ದೇಶ ತನ್ನ ಮಕ್ಕಳನ್ನು ನೋಡಿಕೊಳ್ಳುತ್ತಿದೆ. ಕಲಿಯಬೇಕಾದದ್ದು ಒಂದಿದೆ: ಖಾಸಗಿ ಕಾಲೇಜುಗಳಿಗೆ ಅದು ಕೊಡುವ ವಿದ್ಯಾರ್ಥಿವೇತನದಲ್ಲಿ ಸಾಮಾಜಿಕ ಭದ್ರತೆಯಡಿಯ ಕುಟುಂಬಗಳಿಗೆ, ಕಡಿಮೆ ಆದಾಯದವರಿಗೆ ಪ್ರತ್ಯೇಕ ವಿಭಾಗವನ್ನೇ ಇಟ್ಟಿದೆ.

ನಮ್ಮ ಕಡೆಯ ಮಂತ್ರಿಗಳು ಗಲ್ಫ್‌ಗೆ ಬಂದಾಗ ಶಾಲು, ಪೇಟ ಆದ ಮೇಲೆ ಮುಂದಿಡುವ ಬೇಡಿಕೆ ಅನಿವಾಸಿಗಳಿಗೆ ಪ್ರತ್ಯೇಕ ಸಚಿವಾಲಯ. ಬರಲಿ, ಬೇಡ ಎನ್ನುವುದಿಲ್ಲ. ಅದಕ್ಕೆ ಮೊದಲು ರಾಜ್ಯದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಒಂದು ಕಲಂ ಸೇರಿಸಿ ಎಂದು ಕೇಳಬಹುದಲ್ಲ: ಹೆತ್ತವರು ಇಸಿಆರ್ ಪಾಸ್‌ಪೋರ್ಟಿನಲ್ಲಿ ಹೊರದೇಶದಲ್ಲಿದ್ದಾರೆಯೆ? ಹೌದಾದರೆ ಇ-ಮೈಗ್ರೇಟ್ ಸಂಖ್ಯೆ ಬರೆಯಿರಿ. ಜತೆಗೆ, ಐದು ವರ್ಷ ಚಾಲ್ತಿಯಲ್ಲಿರುವ ಆದಾಯ ಪ್ರಮಾಣಪತ್ರವನ್ನು ಅಪ್ಪನ ವೀಸಾ ರದ್ದಾದ ತಿಂಗಳೇ ಬದಲಿಸಿಕೊಡುವ ಒಂದು ನಿಯಮ. ಏಕೆಂದರೆ ಕೆಲಸ ಹೋಗುವುದು ಹೇಳಿ ಕೇಳಿ ಅಲ್ಲ, ಮತ್ತು ಎರಡನೇ ವರ್ಷದ ಫೀಸು ಕಟ್ಟುವ ತಾರೀಕು ಅದಕ್ಕಾಗಿ ಮುಂದೆ ಹೋಗುವುದಿಲ್ಲ.