ಕಳೆಯಲು ಬಾರದವರ ಕಾರು

ಸ್ಪೋರ್ಟ್ಸ್ ಕಾರುಗಳ ಜಾಹೀರಾತುಗಳನ್ನು ಓದಿ ನೋಡಿ. ಎಷ್ಟು ಕುದುರೆಶಕ್ತಿ, ನೂರರ ವೇಗ ಮುಟ್ಟಲು ಎಷ್ಟು ಸೆಕೆಂಡು, ಪರದೆ ಎಷ್ಟು ಅಗಲ ಎಂಬುದೆಲ್ಲ ದಪ್ಪಕ್ಷರದಲ್ಲಿರುತ್ತದೆ. ತೂಕ ಎಷ್ಟು ಎಂಬುದಕ್ಕೆ ಮಾತ್ರ ಕೊನೆಯ ಪುಟದ ಸಣ್ಣಕ್ಷರಗಳಲ್ಲಿ ಹುಡುಕಬೇಕು. ಎಂಬತ್ತರ ದಶಕದ ಮೊದಲ ಬಿಎಂಡಬ್ಲ್ಯು ಎಂ5 ಒಂದೂವರೆ ಟನ್ನಿಗಿಂತ ಕಡಿಮೆ ತೂಗುತ್ತಿತ್ತು. 2024ರ ಎಂ5 2,400 ಕಿಲೋ ದಾಟಿದೆ. 700ಕ್ಕೂ ಹೆಚ್ಚು ಕುದುರೆಶಕ್ತಿ ಇದೆಯಲ್ಲ, ತೂಕ ಇದ್ದರೇನಂತೆ ಎಂದು ಅಭಿಮಾನಿಗಳು ಕೇಳುತ್ತಾರೆ. ಇದು ಸೋಮಾರಿ ವಾದ.

ನೇರ ರಸ್ತೆಯಲ್ಲಿ ಈ ವಾದ ನಿಲ್ಲುತ್ತದೆ, ತಿರುವು ಬಂದ ಕೂಡಲೇ ಜಾರುತ್ತದೆ. ತಿರುವಿನಲ್ಲಿ ಕಾರನ್ನು ರಸ್ತೆಗೆ ಹಿಡಿದಿಡುವುದು ನಾಲ್ಕು ಟೈರುಗಳು ನೆಲಕ್ಕೆ ಊರಿದ ಅಂಗೈಯಗಲದ ರಬ್ಬರು. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಹಿಡಿತ ಹೆಚ್ಚುತ್ತದೆ, ನಿಜ, ಆದರೆ ಇಮ್ಮಡಿಯಾಗುವುದಿಲ್ಲ. ಕಾರನ್ನು ತಿರುವಿನೊಳಗೆ ಬಗ್ಗಿಸಲು ಬೇಕಾದ ಬಲವೋ, ತೂಕ ಏರಿದಷ್ಟೂ ಪೂರ್ತಿ ಏರುತ್ತದೆ. ಈ ಕೊರತೆ ತುಂಬಲು ಅಗಲವಾದ ಟೈರು, ಅದಕ್ಕೆ ದೊಡ್ಡ ಚಕ್ರ, ನಿಲ್ಲಿಸಲು ದೊಡ್ಡ ಬ್ರೇಕು, ಅವನ್ನು ತಡೆದುಕೊಳ್ಳಲು ಗಟ್ಟಿ ಸಸ್ಪೆನ್ಷನ್, ಎಲ್ಲವನ್ನೂ ಎಳೆಯಲು ಇನ್ನೂ ದೊಡ್ಡ ಎಂಜಿನ್. ಪ್ರತಿಯೊಂದೂ ತನ್ನ ಪಾಲಿನ ತೂಕ ಸೇರಿಸುತ್ತದೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಅದರಲ್ಲೂ ಚಕ್ರ, ಟೈರುಗಳ ತೂಕಕ್ಕೆ ಬಡ್ಡಿ ಹೆಚ್ಚು: ಸ್ಪ್ರಿಂಗಿನ ಕೆಳಗಿರುವ ಭಾಗಗಳು ಭಾರವಾದಷ್ಟೂ ಉಬ್ಬುತಗ್ಗುಗಳಲ್ಲಿ ಟೈರು ನೆಲ ಹಿಡಿದಿರುವುದು ಕಷ್ಟ.

ಇದೇ ಲೆಕ್ಕವನ್ನು ಹಿಂದುಮುಂದು ಮಾಡಿದರೆ 1996ರ ಲೋಟಸ್ ಎಲಿಸ್ ಸಿಗುತ್ತದೆ. ಅಲ್ಯೂಮಿನಿಯಂ ಪಟ್ಟಿಗಳನ್ನು ಬೆಸುಗೆ ಹಾಕದೆ ಅಂಟಿನಿಂದ ಜೋಡಿಸಿದ ಅದರ ಚಾಸಿ 70 ಕಿಲೋ ಒಳಗೇ ಇತ್ತು. ಇಡೀ ಕಾರು ಸುಮಾರು 725 ಕಿಲೋ. ಎಂಜಿನ್ನಿನ ಶಕ್ತಿ 120 ಕುದುರೆಗಳಿಗೂ ಕಡಿಮೆ, ಅಂದರೆ ಇವತ್ತಿನ ಸಾಧಾರಣ ಮನೆ ಕಾರಿನಷ್ಟು. ಮುಂಚಕ್ರಗಳ ಮೇಲೆ ಭಾರವೇ ಇಲ್ಲದ್ದರಿಂದ ಪವರ್ ಸ್ಟೀರಿಂಗ್ ಬೇಕಾಗಲಿಲ್ಲ. ಅದಿಲ್ಲದ್ದರಿಂದ ರಸ್ತೆಯ ಸುದ್ದಿ ನೇರವಾಗಿ ಚಾಲಕನ ಕೈಗೆ ಬಂತು. ಒಂದನ್ನು ಕಳೆದರೆ ಇನ್ನೊಂದನ್ನೂ ಕಳೆಯಬಹುದು ಎಂಬುದೇ ಇಲ್ಲಿನ ಗುಟ್ಟು.

ಆದರೆ ಕಳೆಯುವುದು ಸುಲಭವಲ್ಲ. 1973ರ ಪೋರ್ಷೆ ಕರೇರಾ ಆರ್‌ಎಸ್ 2.7 ಎರಡು ಬಗೆಯಲ್ಲಿ ಬಂತು. ಸೌಕರ್ಯದ ಮಾದರಿ 1,075 ಕಿಲೋ, ಹಗುರದ ಮಾದರಿ 960. ಈ 115 ಕಿಲೋ ಒಂದೇ ಕಡೆ ಸಿಕ್ಕದ್ದಲ್ಲ. ಹಿಂದಿನ ಸೀಟು ಹೋಯಿತು, ಗಡಿಯಾರ ಹೋಯಿತು, ಗಾಜು ತೆಳುವಾಯಿತು. ಬರೆಯುವವರಿಗೆ ಈ ಕಷ್ಟ ಗೊತ್ತು. ಇದೊಂದು ವಾಕ್ಯ ಇದ್ದರೆ ನಷ್ಟವೇನು ಎಂದು ಪ್ರತಿ ವಾಕ್ಯದ ಮುಂದೆಯೂ ಕೇಳಿಕೊಂಡರೆ ಯಾವ ವಾಕ್ಯವೂ ಹೋಗುವುದಿಲ್ಲ, ಪ್ರಬಂಧ ಮಾತ್ರ ಕೆಡುತ್ತದೆ. ಕಾರುಗಳೂ ಕೆಟ್ಟದ್ದು ಹೀಗೆಯೇ.

ಹಗುರವೆಂದರೆ ಅಪಾಯ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ಲೋಟಸ್ ಕಟ್ಟಿದ ಕಾಲಿನ್ ಚಾಪ್‌ಮನ್ ಕಾರುಗಳು ತೀರಾ ನಾಜೂಕು ಎಂಬ ದೂರು ಅವರ ಕಾಲದಲ್ಲೇ ಇತ್ತು. 1970ರಲ್ಲಿ ಮೋಂಜಾದಲ್ಲಿ ಯೋಖೆನ್ ರಿಂಟ್ ಓಡಿಸುತ್ತಿದ್ದ ಲೋಟಸ್ 72ರ ಬ್ರೇಕ್ ಶಾಫ್ಟ್ ಮುರಿದು, ಕಾರು ತಡೆಗೋಡೆಗೆ ಬಡಿದು ಅವರು ತೀರಿಕೊಂಡರು. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಮರಣಾನಂತರ ಅವರಿಗೆ ಸಂದಿತು. ಕಳೆಯಬಾರದ್ದನ್ನು ಕಳೆದರೆ ಪ್ರಾಣ ಹೋಗುತ್ತದೆ. ಏರ್‌ಬ್ಯಾಗು, ಅಪಘಾತ ತಡೆಯುವ ಕಟ್ಟು ಇರಲೇಬೇಕು. ಆದರೆ ಅವುಗಳ ಹೆಸರು ಹೇಳಿ ಎರಡೂವರೆ ಟನ್ನನ್ನು ಸಮರ್ಥಿಸುವುದು ಮೋಸ. 1989ರಲ್ಲಿ ಒಂದು ಟನ್ನಿನ ಆಸುಪಾಸಿನಲ್ಲಿದ್ದ ಮಾಜ್ದಾ ಎಂಎಕ್ಸ್-5, ಹೊಸ ಸುರಕ್ಷತಾ ನಿಯಮಗಳನ್ನೆಲ್ಲ ಪಾಲಿಸಿಯೂ 2015ರ ನಾಲ್ಕನೆಯ ಪೀಳಿಗೆಯಲ್ಲಿ ಅಲ್ಲೇ ಇದೆ. ಅದೇನು ಕೋಟಿಗಟ್ಟಲೆ ಬೆಲೆಯ ಕಾರೂ ಅಲ್ಲ.

ಬ್ಯಾಟರಿ ಕೆಳಗಿರುತ್ತದೆ, ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂಬುದು ಇನ್ನೊಂದು ಸಮಾಧಾನ. ಭಾರ ಕೆಳಗಿದ್ದರೆ ಕಾರು ವಾಲುವುದು ಕಡಿಮೆಯಾಗುತ್ತದೆ, ಒಪ್ಪೋಣ. ಬ್ರೇಕ್ ಒತ್ತಿದಾಗ ನಿಲ್ಲಿಸಬೇಕಾದ ಭಾರ ಅಷ್ಟೇ ಇರುತ್ತದೆ. ಕಂಪ್ಯೂಟರ್ ತೂಕವನ್ನು ಚಾಲಕನಿಂದ ಬಚ್ಚಿಡಬಲ್ಲದು, ಟೈರಿನಿಂದ ಬಚ್ಚಿಡಲಾರದು. ಸರಳಗೊಳಿಸು, ಆಮೇಲೆ ಹಗುರವನ್ನು ಸೇರಿಸು ಎಂಬ ಮಾತನ್ನು ಚಾಪ್‌ಮನ್ ಹೆಸರಿಗೆ ಕಟ್ಟುತ್ತಾರೆ. ಅದೇ ಲೋಟಸ್ 2023ರಲ್ಲಿ ಭಾರತಕ್ಕೆ ಬಂದಾಗ ಮೊದಲು ತಂದದ್ದು 2.55 ಕೋಟಿ ರೂಪಾಯಿಯಿಂದ ಶುರುವಾಗುವ ಎಲೆಟ್ರೆ ಎಂಬ ಎಸ್‌ಯುವಿ. ತೂಕ ಸುಮಾರು ಎರಡೂವರೆ ಟನ್. ತಕ್ಕಡಿಯ ಇನ್ನೊಂದು ತಟ್ಟೆಗೆ ಮೂರು ಎಲಿಸ್ ಹಾಕಿದರೂ ಸಮವಾಗುವುದಿಲ್ಲ.

ಇದು ಸಿರಿವಂತರ ಆಟಿಕೆಯ ಮಾತು, ನಮಗೇಕೆ ಎನ್ನಬೇಡಿ. ಒಂದೇ ವೇಗದಲ್ಲಿ ಹೋಗುವಾಗ ತೂಕ ಇಮ್ಮಡಿಯಾದರೆ ಕಾರು ಹೊತ್ತು ತರುವ ಚಲನಶಕ್ತಿಯೂ ಇಮ್ಮಡಿ. ಒಳಗೆ ಕೂತವರಿಗೆ ಅದು ಭದ್ರತೆ ಅನ್ನಿಸಬಹುದು. ಎದುರಿಗೆ ಬರುವ ಸಣ್ಣ ಕಾರಿನವರಿಗೆ ಹಾಗನ್ನಿಸಲು ಕಾರಣವಿಲ್ಲ. ಸ್ಪೋರ್ಟ್ಸ್ ಕಾರುಗಳ ಆಸೆ ಇವತ್ತು ಯಾವ ಕಡೆ ಹೊರಳುತ್ತದೋ ನಾಳೆ ಮನೆ ಕಾರುಗಳೂ ಅದೇ ಕಡೆ ಹೊರಳುತ್ತವೆ. ಆದ್ದರಿಂದ ಹೊಸ ಕಾರೊಂದನ್ನು ಯಾರಾದರೂ ಹೊಗಳತೊಡಗಿದರೆ ಕುದುರೆಗಳ ಲೆಕ್ಕಕ್ಕೆ ಮರುಳಾಗುವ ಮುನ್ನ ಕಿಲೋ ಎಷ್ಟು ಎಂದು ಕೇಳಿ. ಉತ್ತರ ಕೊಡಲು ತಡವರಿಸಿದರೆ, ಅವರು ಹೊಗಳುತ್ತಿರುವುದು ಎಂಜಿನ್ನನ್ನು, ಕಾರನ್ನಲ್ಲ.