ಎರಗುವ ಹಕ್ಕಿಯೂ ಸೈಕಲ್ ಏರಿದ ಮಕ್ಕಳೂ

ಬೇಸಿಗೆಯ ರಜೆ ಮುಗಿದು ಶಾಲೆಗಳ ಬಾಗಿಲು ತೆರೆಯುವ ದಿನಗಳಲ್ಲಿ ತಾಯಿತಂದೆಗಳಿಗೆ ಚಿಂತೆಗಳು ಹಲವು. ಪುಸ್ತಕ, ಸಮವಸ್ತ್ರ, ಕೊಡೆ, ಶುಲ್ಕ ಎಂದು ಪಟ್ಟಿ ಬೆಳೆಯುತ್ತ ಹೋಗುತ್ತದೆ. ಆ ಪಟ್ಟಿಯಲ್ಲಿ ಯಾರೂ ಬರೆಯದ ಒಂದು ಸಂಗತಿಯನ್ನು ಕುರಿತು ಈ ತಿಂಗಳು ಓದುಗ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳಬಯಸುತ್ತೇವೆ. ಅದು, ಸೈಕಲ್ ಏರಿ ಹೋಗುವ ಮಗುವಿನ ತಲೆಯ ಮೇಲೆ ಹಿಂದಿನಿಂದ ಬಂದು ಎರಗುವ ಹಕ್ಕಿಯ ಸಂಗತಿ. ಕೇಳಿದೊಡನೆ ಕೆಲವರಿಗೆ ನಗು ಬಂದೀತು. ಆದರೆ ಬೆದರಿದ ಮಗು ಒಂದು ಕೈಯನ್ನು ತಲೆಗೊಯ್ದು ಇನ್ನೊಂದು ಕೈಯಿಂದ ಹ್ಯಾಂಡಲ್ ತಿರುಗಿಸಿದಾಗ ಎದುರಿನಿಂದ ಬಸ್ಸೊಂದು ಬರುತ್ತಿದ್ದರೆ ಅದು ನಗುವ ಮಾತಾಗಿ ಉಳಿಯುವುದಿಲ್ಲ.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯನ್ನು ಬಲ್ಲವರಿಗೆ ಅಲ್ಲಿಯ ವಾಸದ ಬಗೆ ತಿಳಿದೇ ಇದೆ. ನಮ್ಮ ಬಯಲುಸೀಮೆಯಂತೆ ಅಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಒಂದೊಂದು ಮನೆಯೂ ತನ್ನ ತೆಂಗು ಕಂಗಿನ ತೋಟದ ನಡುವೆ ತಾನೇ ಇರುತ್ತದೆ. ಬಿ.ಸಿ. ರೋಡಿನಿಂದ ಬೆಳ್ತಂಗಡಿಯನ್ನು ಹಾದು ಚಾರ್ಮಾಡಿ ಘಟ್ಟದತ್ತ ಸಾಗುವ ಹೆದ್ದಾರಿಗಾಗಲಿ, ಮೂಡುಬಿದಿರೆಯಿಂದ ವೇಣೂರಿನತ್ತ ಹೋಗುವ ರಸ್ತೆಗಾಗಲಿ ಮಕ್ಕಳು ಬಂದು ಸೇರಬೇಕಾದರೆ ಮಾವು, ಹಲಸು, ತೆಂಗುಗಳ ನೆರಳಿನ ಕಿರುದಾರಿಯನ್ನು ದಾಟಿಯೇ ಬರಬೇಕು. ವಿದ್ಯಾಭ್ಯಾಸಕ್ಕೆಂದು ಮೂಡುಬಿದಿರೆ, ಉಜಿರೆಗಳಿಗೆ ಮಕ್ಕಳನ್ನು ಕಳುಹಿಸಿರುವ, ಉದ್ಯೋಗದ ನಿಮಿತ್ತ ಘಟ್ಟವಿಳಿದು ಅಲ್ಲಿಯೇ ನೆಲೆಸಿರುವ ನಮ್ಮ ಕುಟುಂಬಗಳೂ ಉಂಟು. ಆದುದರಿಂದ ಆ ಸೀಮೆಯನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇವೆ. ಮಾತು ಮಾತ್ರ ಎಲ್ಲ ಊರಿನವರಿಗೂ ಸಲ್ಲುವಂಥದು.

ಎರಗುವ ಹಕ್ಕಿಗಳಲ್ಲಿ ಮೊದಲನೆಯದು ನಮಗೆಲ್ಲ ಚಿರಪರಿಚಿತವಾದ ಕಾಗೆ. ತುಳುವರ ಮಾತಿನಲ್ಲಿ ಕಕ್ಕೆ. ಊರ ಕಾಗೆಯು ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ಗೂಡು ಕಟ್ಟಿ ನಾಲ್ಕೈದು ಮೊಟ್ಟೆಯಿಡುತ್ತದೆ. ಹದಿನಾರು ಹದಿನೇಳು ದಿನ ಕಾವು ಕೊಟ್ಟ ಮೇಲೆ ಮರಿ ಹೊರಬರುತ್ತದೆ. ಅದು ಗೂಡು ಬಿಡಲು ಮತ್ತೆ ಮೂರು ನಾಲ್ಕು ವಾರ ಬೇಕು. ಈ ಕಾಲವನ್ನು ಗುರುತಿಸಲು ಪಂಚಾಂಗ ಬೇಕಿಲ್ಲ. ಕೋಗಿಲೆಯ ಕೂಗೇ ಸಾಕು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಕೋಗಿಲೆಯ ಋತುವೂ ಕಾಗೆಯ ಋತುವೂ ಒಂದೇ. ನಾವು ಇಂಪೆಂದು ಕೇಳುವ ಕೂಗು ಕಾಗೆಯ ಪಾಲಿಗೆ ಗೂಡಿಗೆ ಬಂದ ಕುತ್ತಿನ ಸೂಚನೆ. ರಜೆ ಮುಗಿದು ಮಕ್ಕಳು ಮತ್ತೆ ದಾರಿಗಿಳಿಯುವ ಹೊತ್ತಿಗೆ ರೆಕ್ಕೆ ಬಲಿಯದ ಮರಿಗಳು ಗೂಡಿನಂಚಿನಲ್ಲಿ ತೂಗಾಡುತ್ತಿರುತ್ತವೆ, ಕೆಲವು ನೆಲಕ್ಕೆ ಬಿದ್ದೂ ಇರುತ್ತವೆ. ತಾಯಿತಂದೆ ಹಕ್ಕಿಗಳ ಕೋಪ ಅತಿಯಾಗಿರುವುದು ಆಗಲೇ.

ಕಾಗೆಯೊಂದೇ ಅಲ್ಲ. ಕವಲೊಡೆದ ಬಾಲದ ಕಾಜಾಣವು ತನ್ನ ಗೂಡಿನ ಬಳಿ ಸುಳಿದ ಹದ್ದನ್ನೂ ಅಟ್ಟಿಸಿಕೊಂಡು ಹೋಗುವ ಕೆಚ್ಚಿನ ಹಕ್ಕಿ. ಗದ್ದೆಯ ಬಯಲಲ್ಲಿ ಬರಿನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭವು ಕಿರುಚುತ್ತ ತಲೆಯ ಮೇಲೆ ಹಾರಾಡಿ ದಾರಿಹೋಕರನ್ನು ದೂರ ಸಾಗಿಸುತ್ತದೆ. ಎತ್ತರದ ಮರಗಳಲ್ಲಿ ಗೂಡು ಕಟ್ಟುವ ಗರುಡ, ಹದ್ದುಗಳೂ ಒಮ್ಮೊಮ್ಮೆ ಎರಗುವುದುಂಟು. ಇವೆಲ್ಲವೂ ಎರಗುವುದು ಬಹುಮಟ್ಟಿಗೆ ಹಿಂದಿನಿಂದ. ಸೈಕಲ್ ಸವಾರನು ವೇಗವಾಗಿ ಸಾಗುತ್ತಾನೆ, ಬೆನ್ನು ಬಾಗಿಸಿರುತ್ತಾನೆ, ತಿರುಗಿ ನೋಡಲಾರ, ಎರಡು ಕೈಗಳೂ ಬಿಡುವಾಗಿಲ್ಲ. ಹೀಗಾಗಿ ಅವನಿಗಿಂತ ಸುಲಭವಾದ ಗುರಿ ಹಕ್ಕಿಗೆ ಬೇರೆಯಿಲ್ಲ.

ಈ ವಿಷಯದಲ್ಲಿ ಜಗತ್ತಿಗೆಲ್ಲ ಹೆಚ್ಚು ಅನುಭವವಿರುವ ದೇಶ ಆಸ್ಟ್ರೇಲಿಯಾ. ಅಲ್ಲಿಯ ಮ್ಯಾಗ್‌ಪೈ ಎಂಬ ಕಪ್ಪು ಬಿಳುಪಿನ ಹಕ್ಕಿ ತೂಕದಲ್ಲಿ ಹೆಚ್ಚು ಕಡಿಮೆ ನಮ್ಮ ಕಾಗೆಯಷ್ಟೇ. ನಮ್ಮ ಮಡಿವಾಳ ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಆ ದೇಶದಲ್ಲಿ ಆಗಸ್ಟ್–ಅಕ್ಟೋಬರ್ ತಿಂಗಳುಗಳಲ್ಲಿ ಅದು ದಾರಿಹೋಕರ ಮೇಲೆ, ಅದರಲ್ಲೂ ಸೈಕಲ್ ಸವಾರರ ಮೇಲೆ, ಎರಗುವುದು ಪ್ರತಿವರ್ಷದ ಸುದ್ದಿ. ಬ್ರಿಸ್ಬೇನ್ ನಗರದಲ್ಲಿ ಇವುಗಳನ್ನು ದೀರ್ಘಕಾಲ ಅಭ್ಯಸಿಸಿದ ಗ್ರಿಫಿತ್ ವಿಶ್ವವಿದ್ಯಾಲಯದ ಡ್ಯಾರಿಲ್ ಜೋನ್ಸ್ ಎಂಬ ವಿದ್ವಾಂಸರು ಎರಗುವವು ಗಂಡು ಹಕ್ಕಿಗಳು, ಅವುಗಳಲ್ಲಿಯೂ ಹತ್ತರಲ್ಲೊಂದರಷ್ಟು ಮಾತ್ರ ಎಂದು ಕಂಡುಕೊಂಡರು. ಕೆಲವು ಹಕ್ಕಿಗಳು ಸೈಕಲ್ ಸವಾರರನ್ನಷ್ಟೇ, ಕೆಲವು ನಡೆದು ಹೋಗುವವರನ್ನಷ್ಟೇ, ಇನ್ನು ಕೆಲವು ಅಂಚೆಯವರನ್ನಷ್ಟೇ ಅಟ್ಟುತ್ತವೆ. ಈ ಹಗೆತನ ಬಾಳುವುದು ಸುಮಾರು ಆರು ವಾರ. ಮರಿ ಹಾರಿದ ಮೇಲೆ ಎಲ್ಲವೂ ಶಾಂತ.

1990ರಿಂದೀಚೆಗೆ ಆ ದೇಶದಲ್ಲಿ ಸೈಕಲ್ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಇದ್ದ ಹೆಲ್ಮೆಟ್ಟಿಗೇ ಜನರು ಬಗೆಬಗೆಯ ಹೊಸ ಉಪಾಯಗಳನ್ನು ಜೋಡಿಸತೊಡಗಿದರು. ತಂತಿಗಳನ್ನು ಕಂತೆ ಕಟ್ಟುವ ಪ್ಲಾಸ್ಟಿಕ್ಕಿನ ಕೇಬಲ್ ಟೈಗಳನ್ನು ಮುಳ್ಳುಹಂದಿಯ ಮುಳ್ಳುಗಳಂತೆ ನಿಲ್ಲಿಸುವುದು ಒಂದು ಬಗೆ. ಹಿಂಭಾಗದಲ್ಲಿ ದೊಡ್ಡ ಕಣ್ಣುಗಳನ್ನು ಬರೆಯುವುದು ಇನ್ನೊಂದು. ಪರೀಕ್ಷಿಸಿ ನೋಡಿದವರ ಅಭಿಪ್ರಾಯ ಆಶಾದಾಯಕವಾಗಿಲ್ಲ: ಇವು ಯಾವುವೂ ಹಕ್ಕಿ ಎರಗುವುದನ್ನು ನಿಲ್ಲಿಸುವುದಿಲ್ಲ. ನೆಟ್ಟಗೆ ನಿಂತ ಟೈಗಳು ಕೊಕ್ಕು ಕಿವಿಯ ಹತ್ತಿರಕ್ಕೆ ಬಾರದಂತೆ ತುಸು ತಡೆದಾವು, ಅಷ್ಟೇ.

ಬರೆದ ಕಣ್ಣುಗಳ ಉಪಾಯವು ನಮ್ಮ ದೇಶಕ್ಕೂ ಹೊಸದಲ್ಲ. ಬಂಗಾಳದ ಸುಂದರಬನದಲ್ಲಿ ಹುಲಿಯು ಬೆನ್ನ ಹಿಂದಿನಿಂದ ಮೇಲೆ ಬೀಳುತ್ತದೆಂದು ಅರಿತು, 1986ರಿಂದ ಕಾಡಿಗೆ ಹೋಗುವವರು ತಲೆಯ ಹಿಂಬದಿಗೆ ಮನುಷ್ಯಮುಖದ ಮುಖವಾಡ ಕಟ್ಟಿಕೊಂಡರು. ಆರಂಭದ ಕಾಲದಲ್ಲಿ ಅದು ಒಳ್ಳೆಯ ಫಲವನ್ನೇ ಕೊಟ್ಟಿತು. ಹುಲಿಗೆ ಬೇಕಾದುದು ಬೇಟೆ. ತನ್ನನ್ನು ಕಂಡವನ ಮೇಲೆ ಅದು ಬೀಳಲೊಲ್ಲದು. ಹಕ್ಕಿಗೆ ಬೇಟೆ ಬೇಕಿಲ್ಲ. ನಾವು ಅದರ ಮರಿಯ ಬಳಿಯಿಂದ ತೊಲಗಬೇಕು, ಅಷ್ಟೇ ಅದರ ಬೇಡಿಕೆ. ತನ್ನ ಕೂಸಿಗಾಗಿ ಪ್ರಾಣವನ್ನೇ ಪಣವಾಗಿಟ್ಟ ಕಾಲು ಕಿಲೋ ತೂಕದ ಜೀವವನ್ನು ಬರೆದ ಕಣ್ಣಿನಿಂದ ಹೆದರಿಸುವುದು ಸುಲಭವಲ್ಲ.

ಇಲ್ಲಿ ಮುಖ್ಯವಾದ ಮಾತೊಂದುಂಟು. 2019ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ವೊಲೊಂಗಾಂಗ್ ಪ್ರದೇಶದಲ್ಲಿ 76 ವರ್ಷದ ಹಿರಿಯರೊಬ್ಬರು ಎರಗಿದ ಹಕ್ಕಿಯನ್ನು ತಪ್ಪಿಸಿಕೊಳ್ಳಲು ಹೋಗಿ ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡರು. 2021ರ ಆಗಸ್ಟ್‌ನಲ್ಲಿ ಬ್ರಿಸ್ಬೇನಿನಲ್ಲಿ ಕೂಸನ್ನೆತ್ತಿಕೊಂಡು ನಡೆಯುತ್ತಿದ್ದ ತಾಯಿ ಹಕ್ಕಿಯಿಂದ ತಪ್ಪಿಸಿಕೊಳ್ಳುವ ಭರದಲ್ಲಿ ಎಡವಿ ಬಿದ್ದರು. ಐದು ತಿಂಗಳ ಕೂಸು ಉಳಿಯಲಿಲ್ಲ. ಎರಡು ಕಡೆಯೂ ಜೀವ ತೆಗೆದುದು ಕೊಕ್ಕಲ್ಲ, ಬೀಳು. ಕೊಕ್ಕಿನ ಗಾಯ ನಾಲ್ಕು ದಿನದಲ್ಲಿ ಮಾಯುತ್ತದೆ, ಕಣ್ಣಿಗೆ ತಗುಲದಿದ್ದರೆ. ಬಿದ್ದ ತಲೆಯ ಪೆಟ್ಟು ಹಾಗಲ್ಲ. ಆದುದರಿಂದ ಹೆಲ್ಮೆಟ್ಟಿಗೆ ಏನನ್ನು ಜೋಡಿಸಬೇಕೆಂಬ ಪ್ರಶ್ನೆಗಿಂತ ಮೊದಲು, ನಮ್ಮ ಮಕ್ಕಳ ತಲೆಯ ಮೇಲೆ ಹೆಲ್ಮೆಟ್ ಇದೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. 2006–07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಹಲವು ವರ್ಷ ನಡೆದ ಆ ಯೋಜನೆಯಿಂದ ಹಳ್ಳಿಯ ಎಷ್ಟೋ ಮಕ್ಕಳಿಗೆ ಶಾಲೆ ಹತ್ತಿರವಾಯಿತು. ಆದರೆ ಸೈಕಲ್ಲಿಗೆ ಹೆಲ್ಮೆಟ್ ಎಂಬ ರೂಢಿ ಮಾತ್ರ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಹೆಲ್ಮೆಟ್ ಕೊಳ್ಳುವವರೆಗೆ ಏನು ಗತಿ ಎನ್ನುವಿರಾದರೆ, ಆ ಸೀಮೆಯಲ್ಲೇ ಹಿರಿಯರು ಬಳಸಿಕೊಂಡು ಬಂದ ಒಂದು ವಸ್ತುವಿದೆ. ಅಡಕೆಯ ಹಾಳೆಯಿಂದ ಮಾಡಿದ ಟೊಪ್ಪಿ, ತುಳುವಿನಲ್ಲಿ ಮುಟ್ಟಾಳೆ. ತೋಟದ ಕೆಲಸಗಾರರ ತಲೆಯ ಮೇಲೆ ಇದನ್ನು ಯಾರಾದರೂ ಕಾಣಬಹುದು. ಬಿದ್ದಾಗ ತಲೆ ಕಾಯುವ ಶಕ್ತಿ ಅದಕ್ಕಿಲ್ಲ. ಹೆಲ್ಮೆಟ್ಟಿನ ಬದಲಿಗೆ ಅದೆಂದು ಯಾರೂ ತಿಳಿಯಬಾರದು. ಆದರೆ ಸೈಕಲ್ಲಿನಿಂದ ಇಳಿದು ನಡೆಯುವಾಗ ಉಗುರು ಕೊಕ್ಕುಗಳು ನೆತ್ತಿಗೆ ತಾಗದಂತೆ ತಡೆಯಲು ಅದು ಸಾಕು. ಬಿಚ್ಚಿದ ಕೊಡೆಯೂ ಅದೇ ಕೆಲಸ ಮಾಡುತ್ತದೆ.

ಮಕ್ಕಳಿಗೆ ಹೇಳಿಕೊಡಬೇಕಾದ ಮಾತುಗಳು ಸರಳವಾದವು. ಹಕ್ಕಿ ಎರಗುವ ಮರ ಯಾವುದೆಂದು ಗುರುತಿಟ್ಟುಕೊಂಡು, ಬೇರೆ ದಾರಿಯಿದ್ದರೆ ಒಂದೂವರೆ ತಿಂಗಳು ಅದರಲ್ಲೇ ಹೋಗಲಿ. ಇಲ್ಲವಾದರೆ ಮರಕ್ಕೆ ನೂರು ಹೆಜ್ಜೆ ಮೊದಲೇ ಇಳಿದು, ಸೈಕಲ್ ತಳ್ಳಿಕೊಂಡು, ಇಬ್ಬರು ಮೂವರು ಜೊತೆಗೂಡಿ, ಓಡದೆ ನಡೆಯಲಿ. ನಡೆಯುತ್ತ ಹಕ್ಕಿಯತ್ತ ಮುಖ ಮಾಡಿ ನೋಡುತ್ತಿರಲಿ. ಹೆಲ್ಮೆಟ್ ಇದ್ದವರು ಅದರ ಪಟ್ಟಿಯನ್ನು ಗದ್ದಕ್ಕೆ ಬಿಗಿದಿರಲಿ, ಇಳಿದ ಮೇಲೂ ತೆಗೆಯದಿರಲಿ. ಕನ್ನಡಕವಿದ್ದರೆ ಕಣ್ಣಿಗೆ ಕಾವಲು. ಗೀರಿದ ಗಾಯವನ್ನು ಸಾಬೂನು ನೀರಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಬಗೆಗೆ ವೈದ್ಯರನ್ನು ಕೇಳಬೇಕು. ಕಣ್ಣಿಗೆ ತಗುಲಿದ್ದರೆ ಆ ದಿನವೇ ತೋರಿಸಬೇಕು. ಹುಚ್ಚುನಾಯಿಯ ರೋಗ ಹಕ್ಕಿಗಳಿಂದ ಬರುವುದಿಲ್ಲ ಎಂಬುದನ್ನು ತಾಯಂದಿರು ತಿಳಿದಿರಲಿ.

ಕಲ್ಲೆಸೆಯುವುದು, ಕೋಲು ಬೀಸುವುದು ಮಾತ್ರ ಸಲ್ಲದು. ಅಮೆರಿಕದ ಸಿಯಾಟಲ್ ನಗರದಲ್ಲಿ ಜಾನ್ ಮಾರ್ಜ್ಲಫ್ ಎಂಬ ವಿಜ್ಞಾನಿಯು 2006ರಲ್ಲಿ ಒಂದು ಮುಖವಾಡ ತೊಟ್ಟು ಏಳು ಕಾಗೆಗಳನ್ನು ಹಿಡಿದು, ಕಾಲಿಗೆ ಗುರುತು ತೊಡಿಸಿ ಬಿಟ್ಟರು. ಅದೇ ಮುಖವಾಡ ಮತ್ತೆ ಕಂಡಾಗಲೆಲ್ಲ ಕಾಗೆಗಳು ವರ್ಷಗಟ್ಟಲೆ ಕೂಗಿ ಗದ್ದಲವೆಬ್ಬಿಸಿದವು. ಹಿಡಿಯಲ್ಪಡದ ಕಾಗೆಗಳೂ ಅವುಗಳ ಜೊತೆ ಸೇರಿದವು. ಇಂದು ಕಲ್ಲೆಸೆದ ಹುಡುಗನ ಮುಖವನ್ನು ಕಾಗೆ ಬರುವ ವರ್ಷವೂ ಮರೆಯದಿರಬಹುದು.

ಇನ್ನು, ಕಾಗೆ ತಲೆಗೆ ಬಡಿದರೆ ಶನಿಯ ಕಾಟ, ಮರಣದ ಸೂಚನೆ ಎಂದು ಮನೆಮಂದಿಯೆಲ್ಲ ಕಳವಳಗೊಳ್ಳುವುದುಂಟು. ಶಕುನಗಳ ಭಯದಿಂದ ಜನರನ್ನು ಬಿಡಿಸಲು ಶ್ರಮಿಸಿದ ಶರಣರ ಪರಂಪರೆಯ ನಮ್ಮ ಮನೆಗಳಲ್ಲಿ ಈ ಅಂಜಿಕೆಗೆ ಎಡೆಯಿರಬಾರದು. ಮಗುವಿನ ತಲೆಗೆ ಬಡಿದುದು ಗ್ರಹವಲ್ಲ, ಮರಿಯನ್ನು ಕಾಯುತ್ತಿದ್ದ ಒಂದು ಹಕ್ಕಿ. ಶಾಂತಿಗೆಂದು ವೆಚ್ಚ ಮಾಡುವ ಹಣದಲ್ಲಿ ಒಂದು ಹೆಲ್ಮೆಟ್ ಬರುತ್ತದೆ.

ಗೂಡನ್ನೇ ಕೆಡವಿಬಿಟ್ಟರಾಯಿತು ಎನ್ನುವ ಸಲಹೆಯೂ ಕೇಳಿಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ಸಂರಕ್ಷಿತ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ಕೇಡು ಮಾಡುವುದೂ ಬೇಟೆಯೇ. ಹಿಂದೆ ಕಾಗೆಯನ್ನು ಉಪದ್ರವದ ಜೀವಿಗಳ ಪಟ್ಟಿಯಲ್ಲಿ ಸೇರಿಸಲಾಗಿತ್ತು; 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಡಲಾಯಿತು. ಕಾನೂನಿನ ಮಾತು ಅತ್ತಿರಲಿ. ಮಕ್ಕಳ ಕಣ್ಣೆದುರಿಗೆ ಮರಿಗಳ ಗೂಡನ್ನು ನೆಲಕ್ಕೆ ಬೀಳಿಸಿದರೆ ಅವರು ಅದರಿಂದ ಕಲಿಯುವುದು ಏನನ್ನು? ದಾರಿಯಲ್ಲಿ ಬಿದ್ದ ಮರಿಯನ್ನು ಹಿರಿಯರೊಬ್ಬರು, ಇನ್ನೊಬ್ಬರಿಂದ ಕೊಡೆ ಹಿಡಿಸಿಕೊಂಡು, ಎತ್ತಿ ಪಕ್ಕದ ಕೊಂಬೆಯ ಮೇಲಿಟ್ಟು ದೂರ ಸರಿದರೆ ಸಾಕು. ಮಿಕ್ಕುದನ್ನು ತಾಯಿತಂದೆ ಹಕ್ಕಿಗಳೇ ನೋಡಿಕೊಳ್ಳುತ್ತವೆ.

ಕೊನೆಯದಾಗಿ ಹೇಳಬೇಕಾದುದು ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರವಾದುದು. ಇಂಥ ಅಂಜಿಕೆ ಬಂದಾಗ ಹಲವು ಮನೆಗಳಲ್ಲಿ ಮೊದಲು ನಿಲ್ಲುವುದು ಹೆಣ್ಣುಮಗಳ ಸೈಕಲ್. ಹುಡುಗ ಹೇಗೋ ಹೋಗಿಬರುತ್ತಾನೆ, ಮಗಳಿಗೆ ಬೇಡ ಎಂಬ ತೀರ್ಮಾನ ಬಹು ಬೇಗ ಆಗಿಬಿಡುತ್ತದೆ. ಒಮ್ಮೆ ಗೋಡೆಗೊರಗಿದ ಆ ಸೈಕಲ್ ಮರಿಗಳು ಹಾರಿಹೋದ ಮೇಲೂ ಅಲ್ಲಿಯೇ ಉಳಿದು, ಅದರೊಡನೆ ಸಂಜೆಯ ಪಾಠ, ಗ್ರಂಥಾಲಯ, ಆಟದ ಬಯಲುಗಳೂ ಆಕೆಗೆ ದೂರವಾಗುತ್ತವೆ. ಹಕ್ಕಿಯ ಕೋಪಕ್ಕೆ ಆರು ವಾರದ ಗಡುವಿದೆ. ನಮ್ಮ ಅಂಜಿಕೆಗೂ ಅಷ್ಟೇ ಗಡುವು ಇರಲಿ. ಆ ಆರು ವಾರ ಮಗಳ ಜೊತೆಗೆ ಕೊಡೆ ಹಿಡಿದು ಮರದ ಕೆಳಗಿನ ನೂರು ಹೆಜ್ಜೆ ನಡೆದು, ಆಚೆ ಸೈಕಲ್ ಹತ್ತಿಸಿ ಕಳುಹಿಸುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದರೆ, ಮರದ ಮೇಲಿನ ಕೂಸೂ ಉಳಿಯುತ್ತದೆ, ಮರದ ಕೆಳಗಿನ ಕೂಸೂ ಕ್ಷೇಮವಾಗಿ ಶಾಲೆ ಸೇರುತ್ತದೆ.